ಕಡಲ ಪಯಣ ಮುಗಿಸಿ ಘಟ್ಟ ಹತ್ತಿದ ರಾಯಭಾರಿ

ವಿಜಯನಗರದ ವೈಭವದ ಮಾತು ಬಂದೊಡನೆ ನಾವೆಲ್ಲರೂ ನಾಲ್ಕು ಪರದೇಶೀಯರ ಹೆಸರನ್ನು ಹೇಳುವುದು ವಾಡಿಕೆಯಾಗಿದೆ. ಇಟಲಿಯ ನಿಕೊಲೊ ಕಾಂಟಿ, ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕ್, ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್. ಏಳು ಸುತ್ತಿನ ಕೋಟೆ, ಬೀದಿಯಲ್ಲಿಯೆ ರತ್ನಗಳನ್ನು ಹರಡಿಕೊಂಡು ಮಾರುವ ವರ್ತಕರು, ಮಹಾನವಮಿಯ ಉತ್ಸವ, ಗುಲಾಬಿ ಹೂವಿಲ್ಲದೆ ಬದುಕಲಾರದ ಜನ, ಇವೆಲ್ಲ ಶಾಲೆಯ ಪಾಠಪುಸ್ತಕದಿಂದ ಮೊದಲುಗೊಂಡು ಸಭೆಗಳ ಭಾಷಣಗಳವರೆಗೆ ನಮಗೆ ಬಾಯಿಪಾಠವಾಗಿ ಹೋಗಿವೆ. ಆದರೆ ಈ ಮಹನೀಯರು ಆಕಾಶದಿಂದ ಹಂಪೆಯ ಬಜಾರಿಗೆ ಇಳಿದು ಬಂದವರಲ್ಲವಷ್ಟೆ! ಒಬ್ಬೊಬ್ಬರೂ ತಿಂಗಳುಗಟ್ಟಲೆ ಕಡಲಿನ ಮೇಲೆ ತೇಲಿ, ಯಾವುದೋ ಒಂದು ರೇವಿನಲ್ಲಿ ಕಾಲೂರಿ, ಅಲ್ಲಿ ಗಂಟುಮೂಟೆಗಳನ್ನು ಹೊಸದಾಗಿ ಕಟ್ಟಿಕೊಂಡು, ಕಾಡು ಬೆಟ್ಟಗಳನ್ನು ದಾಟಿ ಬಂದವರು. ಆ ದಾರಿಯ ಕಥೆಯನ್ನು ನಾವು ಸಾಮಾನ್ಯವಾಗಿ ಓದದೆ ಪುಟ ಮಗುಚುತ್ತೇವೆ. ಈ ಹೊತ್ತು ಆ ಪುಟಗಳನ್ನೆ ತೆರೆದು ನೋಡೋಣ. ನಾಲ್ವರಲ್ಲಿ ಅಬ್ದುರ್ ರಜಾಕನನ್ನು ಆರಿಸಿಕೊಳ್ಳುವುದಕ್ಕೆ ಒಂದು ಕಾರಣ ಉಂಟು: ಕಡಲನ್ನು ಅವನಷ್ಟು ದ್ವೇಷಿಸಿದವರು ಮತ್ತೊಬ್ಬರಿರಲಾರರು. ನೆಲಕ್ಕೆ ಇಳಿದಾಗ ಅವನಷ್ಟು ಸಂತೋಷಪಟ್ಟವರೂ ವಿರಳ.

ಅಬ್ದುರ್ ರಜಾಕನು 1413ರಲ್ಲಿ ಹೆರಾತ್ ನಗರದಲ್ಲಿ ಹುಟ್ಟಿದನು. ಅವನ ಮನೆತನ ಸಮರಖಂಡದ್ದು. ತೈಮೂರನ ಮಗನಾದ ಷಾರುಖ್ ಸುಲ್ತಾನನು ಆ ಕಾಲದಲ್ಲಿ ಹೆರಾತಿನಿಂದ ರಾಜ್ಯವಾಳುತ್ತಿದ್ದನು. ಅಬ್ದುರ್ ರಜಾಕನ ತಂದೆ ಆ ಸುಲ್ತಾನನ ಪಾಳೆಯದ ಕಾಜಿ. ತಂದೆ 1437ರಲ್ಲಿ ತೀರಿಹೋದ ಮೇಲೆ ಮಗನು ಅರಬ್ಬೀ ವ್ಯಾಕರಣದ ಒಂದು ಗ್ರಂಥಕ್ಕೆ ಟೀಕೆಯನ್ನು ಬರೆದು ಸುಲ್ತಾನನಿಗೆ ಅರ್ಪಿಸಿ, ಆ ಪಾಂಡಿತ್ಯದ ಬಲದಿಂದ ಆಸ್ಥಾನವನ್ನು ಸೇರಿದನು. ಅವ್ಯಯಗಳನ್ನೂ ಸರ್ವನಾಮಗಳನ್ನೂ ಕುರಿತು ಟೀಕೆ ಬರೆದವನಿಗೆ ಸಮುದ್ರಯಾನದ ಕೆಲಸ ಬಂದೀತೆಂದು ಯಾರು ತಾನೆ ಊಹಿಸಿಯಾರು? ಆದರೆ ಅರಸರ ಚಿತ್ತ ಹಾಗೆಯೆ. 1442ನೆಯ ಇಸವಿ ಜನವರಿಯಲ್ಲಿ, ರಂಜಾನ್ ತಿಂಗಳ ಮೊದಲಲ್ಲಿ, ಇಪ್ಪತ್ತೆಂಟು ವರ್ಷದ ಈ ಪಂಡಿತನು ಹಿಂದೂಸ್ಥಾನಕ್ಕೆ ರಾಯಭಾರಿಯಾಗಿ ಹೊರಟನು.

ಗಮನಿಸತಕ್ಕ ವಿಷಯವೇನೆಂದರೆ, ಅವನು ಹೊರಟದ್ದು ವಿಜಯನಗರಕ್ಕಲ್ಲ, ಕಲ್ಲಿಕೋಟೆಗೆ. ಬಂಗಾಳದ ಕಡೆಯಿಂದ ಷಾರುಖನ ಬಳಿಗೆ ಹೋಗಿ ಹಿಂದಿರುಗುತ್ತಿದ್ದ ರಾಯಭಾರಿಗಳು ದಾರಿಯಲ್ಲಿ ಕಲ್ಲಿಕೋಟೆಯ ರೇವಿನಲ್ಲಿ ನಿಲ್ಲಬೇಕಾಯಿತು. ಅವರ ಬಾಯಿಂದ ಷಾರುಖನ ಪ್ರತಾಪವನ್ನು ಕೇಳಿದ ಅಲ್ಲಿನ ಅರಸನು, ಎಂದರೆ ಯೂರೋಪಿನವರು ಮುಂದೆ ಜಾಮೊರಿನ್ ಎಂದು ಕರೆದ ಸಾಮೂತಿರಿಯು, ತಾನೂ ಕಾಣಿಕೆಗಳೊಡನೆ ಒಬ್ಬ ದೂತನನ್ನು ಹೆರಾತಿಗೆ ಕಳುಹಿಸಿದನು. ಆ ದೂತನೊಬ್ಬ ಪಾರಸಿ ಬಲ್ಲ ಮುಸಲ್ಮಾನ. ಸುಲ್ತಾನನು ಯಾರನ್ನಾದರೂ ಕಳುಹಿಸಿದರೆ ತನ್ನ ಅರಸನು ಇಸ್ಲಾಮನ್ನು ಸ್ವೀಕರಿಸಿದರೂ ಸ್ವೀಕರಿಸಿಯಾನೆಂಬ ಆಸೆಯನ್ನು ಅವನು ಆಸ್ಥಾನದಲ್ಲಿ ಬಿತ್ತಿದನು. ಆ ಆಸೆಯೆ ಅಬ್ದುರ್ ರಜಾಕನ ರಾಯಭಾರದ ಬೀಜ. ದೂತನು ತನ್ನೊಡೆಯನ ಮನಸ್ಸನ್ನು ಹೇಳಿದನೋ ತನ್ನ ಮನಸ್ಸನ್ನೆ ಹೇಳಿದನೋ ಎಂಬುದನ್ನು ಶ್ರೋತೃಗಳು ಕಥೆ ಮುಂದುವರಿದಂತೆ ತಾವೆ ನಿರ್ಣಯಿಸಬಹುದು.

ಹೆರಾತಿನಿಂದ ಮರಳುಗಾಡನ್ನು ಹಾದು, ಕೆರ್ಮಾನಿನ ಮೇಲೆ ಸಾಗಿ, ಅವನು ಹಾರ್ಮುಜ್ ದ್ವೀಪವನ್ನು ಸೇರಿದನು. ಪಾರಸಿಕ ಖಾರಿಯ ಬಾಯಿಯಲ್ಲಿರುವ, ಬರಿಯ ಕಲ್ಲು ಉಪ್ಪುಗಳ ಈ ದ್ವೀಪದಲ್ಲಿ ಕುಡಿಯುವ ನೀರಿಗೂ ತತ್ವಾರ. ಆದರೂ ಭೂಮಂಡಲದಲ್ಲಿ ಅದಕ್ಕೆ ಎಣೆಯಾದ ರೇವಿಲ್ಲವೆಂದು ಅವನ ಅಭಿಪ್ರಾಯ. ಈಜಿಪ್ಟು, ಸಿರಿಯ, ಚೀಣ, ಜಾವ, ಬಂಗಾಳ, ಸಿಂಹಳ, ಏಡನ್, ಜೆಡ್ಡಾ ಎಂದು ಅಲ್ಲಿಗೆ ಬರುವ ವರ್ತಕರ ದೇಶಗಳನ್ನು ಅವನು ಒಂದೊಂದಾಗಿ ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಎರಡು ಹೆಸರುಗಳು ನಮ್ಮ ಕಿವಿಯನ್ನು ನಿಮಿರಿಸುತ್ತವೆ: ವಿಜಯನಗರ, ಗುಲ್ಬರ್ಗ. ಕನ್ನಡ ನಾಡಿನ ಎರಡು ರಾಜಧಾನಿಗಳ ವರ್ತಕರನ್ನು, ಅಥವಾ ಆ ರಾಜಧಾನಿಗಳೊಡನೆ ವ್ಯವಹರಿಸುವವರನ್ನು, ಅವನು ಕನ್ನಡ ನಾಡನ್ನು ಕಾಣುವುದಕ್ಕೆ ಒಂದು ವರ್ಷ ಮೊದಲೆ ಪಾರಸಿಕ ದ್ವೀಪದಲ್ಲಿ ಕಂಡಿದ್ದನು.

ಇಲ್ಲಿಂದ ಅವನ ಕಷ್ಟಪರಂಪರೆಯು ಪ್ರಾರಂಭವಾಯಿತು. ಆ ಕಾಲದ ಸಮುದ್ರಯಾನವು ಮಾರುತಗಳ ಅಧೀನ. ವರ್ಷದಲ್ಲಿ ಕೆಲವು ತಿಂಗಳು ಗಾಳಿ ನೈಋತ್ಯದಿಂದ ಬೀಸಿ ಹಡಗುಗಳನ್ನು ನಮ್ಮ ಕರಾವಳಿಗೆ ತರುತ್ತದೆ. ಕೆಲವು ತಿಂಗಳು ಈಶಾನ್ಯದಿಂದ ಬೀಸಿ ಹಿಂದಕ್ಕೆ ಕೊಂಡೊಯ್ಯುತ್ತದೆ. ನಡುವೆ ಮುಂಗಾರಿನ ಉಗ್ರಕಾಲದಲ್ಲಿ ಪಶ್ಚಿಮ ಕರಾವಳಿಯ ರೇವುಗಳಿಗೆ ಹಡಗು ಬರುವಂತೆಯೆ ಇಲ್ಲ. ಈ ಲೆಕ್ಕದಲ್ಲಿ ಹತ್ತು ಹದಿನೈದು ದಿನ ತಪ್ಪಿದರೆ ಅರ್ಧ ವರ್ಷವೆ ತಪ್ಪಿದಂತೆ. ಹಾರ್ಮುಜಿನ ಅಧಿಕಾರಿಗಳು ಒಂದಲ್ಲ ಒಂದು ನೆಪ ಹೇಳಿ ರಾಯಭಾರಿಯನ್ನು ತಡೆದರು. ಹೊರಡತಕ್ಕ ಹದ ಮೀರಿ, ಬಿರುಗಾಳಿಗೂ ಕಡಲ್ಗಳ್ಳರಿಗೂ ಹೆದರಬೇಕಾದ ಕಾಲ ಬಂದ ಮೇಲೆ ಅವನಿಗೆ ಅಪ್ಪಣೆ ದೊರೆಯಿತು. ಜನರನ್ನೂ ಕುದುರೆಗಳನ್ನೂ ಒಂದೆ ಹಡಗಿನಲ್ಲಿ ತುಂಬಲಾಗದೆ ಎರಡು ಹಡಗುಗಳಿಗೆ ಹಂಚಿದರು. ಹಾಯಿ ಬಿಚ್ಚಿದರು. ಹಡಗಿನ ವಾಸನೆ ಮೂಗಿಗೆ ಬಡಿದುದೆ ತಡ, ನಮ್ಮ ವ್ಯಾಕರಣ ಪಂಡಿತನು ಮೂರ್ಛೆ ಹೋದನು. ಮೂರು ದಿನ ಅವನಿಗೆ ಉಸಿರೊಂದು ಬಿಟ್ಟು ಬದುಕಿರುವ ಗುರುತೆ ಇರಲಿಲ್ಲವಂತೆ. ಚೇತರಿಸಿಕೊಂಡಾಗ ಹಡಗಿನಲ್ಲಿದ್ದ ವರ್ತಕರೆಲ್ಲ ಒಂದೆ ಕೂಗು ಹಾಕುತ್ತಿದ್ದರು: ಕಾಲ ಮೀರಿತು, ಈಗ ಮುಂದೆ ಹೋಗುವವನು ತನ್ನ ಸಾವಿಗೆ ತಾನೆ ಹೊಣೆ! ಕೊಟ್ಟ ಕೇವನ್ನು ಕೈಬಿಟ್ಟು ಅವರೆಲ್ಲ ಮಸ್ಕತಿನಲ್ಲಿ ಇಳಿದುಬಿಟ್ಟರು. ಹಣವನ್ನು ಕಳೆದುಕೊಂಡು ಪ್ರಾಣವನ್ನು ಉಳಿಸಿಕೊಳ್ಳಲು ವರ್ತಕರೆ ಒಪ್ಪಿದರೆಂದ ಮೇಲೆ ಅಪಾಯವೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಸ್ಕತಿನಿಂದ ಅವನು ಕುರಿಯಾತ್ ಎಂಬ ಊರಿಗೆ ಬಂದನು. ಅರಬ್ಬೀ ತೀರದ ಬೇಸಗೆ. ಆ ಸೆಕೆಯ ವರ್ಣನೆಯಲ್ಲಿ ಅವನ ಲೇಖನಿ ಹುಚ್ಚೆದ್ದು ಕುಣಿಯುತ್ತದೆ. ಗಣಿಯೊಳಗಿನ ರತ್ನ ಇದ್ದಿಲಾಯಿತು, ಒರೆಯೊಳಗಿನ ಕತ್ತಿ ಮೇಣದಂತೆ ಕರಗಿತು ಎಂಬಂಥ ಅತಿಶಯೋಕ್ತಿಗಳನ್ನು ಓದುವಾಗ ನಮಗೆ ನಗು ಬರುತ್ತದೆ. ಪಾರಸಿ ಗದ್ಯದ ಶೈಲಿಯೆ ಹಾಗೆ. ಹಿಂದೆಯೆ ಬರುವ ನಾಲ್ಕು ಮಾತುಗಳಲ್ಲಿ ಮಾತ್ರ ಅಲಂಕಾರವಿಲ್ಲ. ಅವನ ಜೊತೆಗಾರರೆಲ್ಲ ಜ್ವರಕ್ಕೆ ಸಿಕ್ಕಿದರು. ಅವನೂ ಸಿಕ್ಕಿದನು. ಅವನೊಡನೆ ಬಂದಿದ್ದ ಅಣ್ಣನೂ ಹಾಸಿಗೆ ಹಿಡಿದನು. ಹತ್ತಿರದಲ್ಲಿ ಸೂರ್ ಎಂಬ ಊರಿದೆ, ಅಲ್ಲಿ ಹವೆ ಹಿತ ಎಂದು ಯಾರೋ ಹೇಳಿದರು. ಜ್ವರದಲ್ಲಿಯೆ ದೋಣಿ ಹತ್ತಿ ಅಲ್ಲಿಗೆ ಹೋದರು. ಫಲವಾಗಲಿಲ್ಲ. ಅಣ್ಣನು ಆ ತೀರದಲ್ಲಿಯೆ ತೀರಿಹೋದನು. ಅವನನ್ನು ಮಣ್ಣುಮಾಡಿ, ತಾನು ಬದುಕಿಯೇನೆಂಬ ನೆಚ್ಚಿಕೆಯಿಲ್ಲದೆ, ಬದುಕಬೇಕೆಂಬ ಇಚ್ಛೆಯೂ ಹೆಚ್ಚಾಗಿ ಇಲ್ಲದೆ, ತಮ್ಮನು ಹಿಂದೂಸ್ಥಾನಕ್ಕೆ ಹೊರಟಿದ್ದ ಒಂದು ಹಡಗನ್ನು ಏರಿದನು.

ಆಗ ನಡೆದುದೊಂದು ಸೋಜಿಗ. ಯಾವ ಕಡಲು ಅವನನ್ನು ಮೂರ್ಛೆಗೊಳಿಸಿತ್ತೋ ಅದೆ ಕಡಲಿನ ಗಾಳಿ ಅವನ ಜ್ವರವನ್ನು ಬಿಡಿಸಿತು. ಕೆಲವು ದಿನಗಳಲ್ಲಿ ಮೈ ಹಗುರವಾಯಿತು. ಹದಿನೆಂಟು ಹಗಲು ಹದಿನೆಂಟು ರಾತ್ರಿ ಅನುಕೂಲವಾದ ಗಾಳಿ ಬೀಸಿತು. ನಕ್ಷೆಯ ಮೇಲೆ ನೇರವಾದ ಗೆರೆಯನ್ನು ಎಳೆದರೆ ಆ ಕರೆಯಿಂದ ಕಲ್ಲಿಕೋಟೆಗೆ 1,300 ಮೈಲಿಗೂ ಮೇಲಾಗುತ್ತದೆ. ಎಂದರೆ ಆ ಹಾಯಿ ಹಡಗು ಹಗಲಿರುಳೂ ಸೇರಿ ದಿನಕ್ಕೆ ಎಪ್ಪತ್ತು ಮೈಲಿಗೆ ಕಡಿಮೆಯಿಲ್ಲದೆ ಓಡಿತು. 1442ನೆಯ ನವೆಂಬರ್ ಮೊದಲ ಭಾಗದಲ್ಲಿ ಅದು ಕಲ್ಲಿಕೋಟೆಯಲ್ಲಿ ಲಂಗರು ಹಾಕಿತು.

ಕಲ್ಲಿಕೋಟೆಯಲ್ಲಿ ಅವನು ಕಂಡುದನ್ನೆಲ್ಲ ಇಲ್ಲಿ ಹೇಳಲು ಅವಕಾಶವಿಲ್ಲ. ರೇವಿನ ನ್ಯಾಯವನ್ನು ಮಾತ್ರ ಅವನು ಬಾಯ್ತುಂಬ ಹೊಗಳಿದ್ದಾನೆಂಬುದನ್ನು ಬಿಡಲಾಗದು. ವರ್ತಕರು ಸರಕನ್ನು ಇಳಿಸಿ ಬೀದಿಯಲ್ಲಿ ರಾಶಿ ಹಾಕಿ ಹೋಗಬಹುದು. ಸುಂಕದ ಅಧಿಕಾರಿಗಳೆ ಅದಕ್ಕೆ ಕಾವಲು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲ. ಬೇರೆ ರೇವಿಗೆ ಹೊರಟ ಹಡಗು ಗಾಳಿಗೆ ಸಿಕ್ಕಿ ತಮ್ಮಲ್ಲಿಗೆ ಬಂದರೆ, ದೇವರೆ ಕಳುಹಿಸಿದನೆಂದು ಹೇಳಿ ದೋಚುವುದು ಇತರ ಕಡೆಗಳಲ್ಲಿ ರೂಢಿ. ಕಲ್ಲಿಕೋಟೆಯಲ್ಲಿ ಹಾಗೆ ಮಾಡುತ್ತಿರಲಿಲ್ಲ. ಈ ಹೊಗಳಿಕೆ ಪರಧರ್ಮೀಯನ ಬಾಯಿಂದ ಬಂದುದು, ಅದೂ ಅಲ್ಲಿ ಸುಖವಾಗಿಲ್ಲದವನ ಬಾಯಿಂದ ಬಂದುದು. ಆದುದರಿಂದಲೆ ಅದಕ್ಕೆ ಬೆಲೆ ಹೆಚ್ಚು.

ಸುಖವಾಗಿರಲಿಲ್ಲವೇಕೆಂದರೆ, ರಾಯಭಾರವು ವಿಫಲವಾಗಿತ್ತು. ಸಾಮೂತಿರಿಯು ಎರಡು ಮೂರು ಸಾವಿರ ಜನರ ಸಭೆಯಲ್ಲಿ ಅವನನ್ನು ಬರಮಾಡಿಕೊಂಡನು. ಸುಲ್ತಾನನು ಕಳುಹಿಸಿದ ಕುದುರೆಯನ್ನೂ ಜರತಾರಿಯ ನಿಲುವಂಗಿಯನ್ನೂ ಟೋಪಿಯನ್ನೂ ಸ್ವೀಕರಿಸಿದನು. ಅಷ್ಟೆ. ರಾಯಭಾರಿಗೆ ದೊರೆತ ಆದರವು ಸಾಮಾನ್ಯ. ಮತಾಂತರದ ಮಾತಂತೂ ಏಳಲೆ ಇಲ್ಲ. ಹೆರಾತಿನಲ್ಲಿ ಬಿತ್ತಿದ ಬೀಜ ಕಲ್ಲಿಕೋಟೆಯಲ್ಲಿ ಮೊಳೆಯಲಿಲ್ಲ. ನವೆಂಬರಿನಿಂದ ಏಪ್ರಿಲಿನವರೆಗೆ ಐದು ತಿಂಗಳು ಅವನು ಅಲ್ಲಿ ಕೊರಗುತ್ತ ಕುಳಿತನು. ಅಣ್ಣನನ್ನು ಕಳೆದುಕೊಂಡು, ಆರೋಗ್ಯವನ್ನು ಕಳೆದುಕೊಂಡು, ಬಂದ ಕಾರ್ಯವನ್ನೂ ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗಬೇಕೆ? ಅವನ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬಹುದು. ಒಂದು ರಾತ್ರಿ ಷಾರುಖ್ ಸುಲ್ತಾನನೆ ಕನಸಿನಲ್ಲಿ ಬಂದು, ಇನ್ನು ಕೊರಗಬೇಡ ಎಂದು ಸಮಾಧಾನ ಹೇಳಿದನಂತೆ. ಕನಸಿನ ಅರ್ಥವನ್ನು ಚಿಂತಿಸುತ್ತಿರುವಾಗಲೆ ವಿಜಯನಗರದ ಅರಸನ ಕಡೆಯಿಂದ ಒಬ್ಬ ದೂತನು ಬಂದನು. ಷಾರುಖನ ರಾಯಭಾರಿಯನ್ನು ತಡಮಾಡದೆ ನಮ್ಮ ಬಳಿಗೆ ಕಳುಹಿಸತಕ್ಕದ್ದು ಎಂದು ಆ ದೂತನು ತಂದ ಪತ್ರದ ತಾತ್ಪರ್ಯ. ಸಾಮೂತಿರಿಯು ವಿಜಯನಗರಕ್ಕೆ ಅಧೀನನಲ್ಲ. ಆದರೂ ಆ ಅರಸನಿಗೆ ಬಹಳವಾಗಿ ಹೆದರುತ್ತಾನೆ ಎಂದು ಅಬ್ದುರ್ ರಜಾಕನು ಬರೆಯುತ್ತಾನೆ. ಕಲ್ಲಿಕೋಟೆಯಂಥ ಮುನ್ನೂರು ರೇವುಗಳು ಆ ಅರಸನ ಕೈಯಲ್ಲಿವೆಯೆಂದು ಅವನು ಅಲ್ಲಿ ಕೇಳಿದನು. ಸಂಖ್ಯೆ ಉತ್ಪ್ರೇಕ್ಷೆ. ಹೆದರಿಕೆ ಮಾತ್ರ ನಿಜವಿರಬೇಕು, ಏಕೆಂದರೆ ರಾಯಭಾರಿಗೆ ಕೂಡಲೆ ಅಪ್ಪಣೆಯಾಯಿತು.

ಪತ್ರವನ್ನು ಕಳುಹಿಸಿದವನು ಇಮ್ಮಡಿ ದೇವರಾಯ. ಈತನ ಆಳಿಕೆ 1446ರವರೆಗೆ ನಡೆಯಿತು. ಕಲ್ಲಿಕೋಟೆಯಲ್ಲಿ ಒಬ್ಬ ಪರದೇಶಿ ಕೊರಗುತ್ತಿರುವ ಸುದ್ದಿ ತುಂಗಭದ್ರೆಯ ದಡದಲ್ಲಿ ತಿಳಿದಿತ್ತೆಂಬುದನ್ನು ನಾವು ಸ್ವಲ್ಪ ಯೋಚಿಸಬೇಕು. ಅದೂ ಎಂಥ ದಿನಗಳಲ್ಲಿ! ಅಬ್ದುರ್ ರಜಾಕನು ಕಲ್ಲಿಕೋಟೆಯಲ್ಲಿದ್ದ ಆ ತಿಂಗಳುಗಳಲ್ಲಿಯೆ ದೇವರಾಯನ ತಮ್ಮನು ಹೊಸ ಮನೆಯ ಔತಣದ ನೆಪದಲ್ಲಿ ರಾಜ್ಯದ ಪ್ರಮುಖರನ್ನು ಕರೆಸಿ ಒಬ್ಬೊಬ್ಬರನ್ನಾಗಿ ಕೊಲ್ಲಿಸಿ, ಅರಸನ ಮೇಲೆಯೂ ಕಠಾರಿಯನ್ನು ಎತ್ತಿದ್ದನು. ಅರಸನು ಗಾಯಗೊಂಡು ಬದುಕಿದನು. ಇಂಥ ಘೋರದ ನಡುವೆಯೂ ಹೆರಾತಿನ ರಾಯಭಾರಿಯನ್ನು ಕರೆಸಿಕೊಳ್ಳಬೇಕೆಂದು ತೋರಿತೆಂದರೆ ಅದು ಬರಿಯ ಕುತೂಹಲವಾಗಿರಲಾರದು. ಉತ್ತರದಲ್ಲಿ ಬಹಮನಿ ಸುಲ್ತಾನರೊಡನೆ ಬಿಡುವಿಲ್ಲದ ಹೋರಾಟ. ಆ ಹೋರಾಟಕ್ಕೆ ಕುದುರೆಗಳು ಬೇಕು. ಕುದುರೆಗಳು ಹಾರ್ಮುಜಿನಿಂದ ಬರಬೇಕು. ಒಂದೆರಡು ತಲೆಮಾರಿನ ಮೇಲೆ ಸಾಳುವ ನರಸಿಂಹನು ಹಾರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಹಾರ್ಮುಜಿನ ಹಿಂದಣ ನೆಲಕ್ಕೆಲ್ಲ ಸಾರ್ವಭೌಮನೆನಿಸಿಕೊಂಡವನ ರಾಯಭಾರಿಯು ತನ್ನ ಕರಾವಳಿಯ ಸಮೀಪದಲ್ಲಿರುವಾಗ ದೇವರಾಯನಂಥ ಚತುರನು ಸುಮ್ಮನಿರುವುದುಂಟೆ?

1443ನೆಯ ಏಪ್ರಿಲ್ ಪ್ರಾರಂಭದಲ್ಲಿ ಅಬ್ದುರ್ ರಜಾಕನು ಮತ್ತೆ ಹಡಗನ್ನೇರಿದನು. ಆದರೆ ಇದು ಕರೆಯನ್ನು ಕಣ್ಣಿನಿಂದ ಅಗಲಿಸದೆ ಉತ್ತರಕ್ಕೆ ಸಾಗುವ ಸಣ್ಣ ಪ್ರಯಾಣ. ನೂರಮೂವತ್ತು ಮೈಲಿಯ ಮೇಲೆ ಮಂಗಳೂರು ಸಿಕ್ಕಿತು. ವಿಜಯನಗರ ರಾಜ್ಯದ ಗಡಿ ಇದು ಎಂದು ಅವನು ಗುರುತು ಹಾಕಿಕೊಂಡನು. ಹಾರ್ಮುಜ್ ಬಿಟ್ಟಂದಿನಿಂದ ಮೊದಲ್ಗೊಂಡ ಅವನ ಕಡಲ ಪಯಣ ಇಲ್ಲಿಗೆ ಮುಗಿಯಿತು.

ಮಂಗಳೂರು ಆ ವೇಳೆಗೆ ಹಳೆಯ ರೇವು. ಅಬ್ದುರ್ ರಜಾಕನಿಗೆ ನೂರು ವರ್ಷ ಮೊದಲೆ ಬಂದಿದ್ದ ಇಬನ್ ಬತೂತನು ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರು ಅಲ್ಲಿ ಇಳಿಯುವುದನ್ನೂ ನಾಲ್ಕು ಸಾವಿರದಷ್ಟು ಮುಸಲ್ಮಾನರು ಅಲ್ಲಿ ನೆಲಸಿರುವುದನ್ನೂ ಹೇಳಿದ್ದಾನೆ. ವಿಜಯನಗರದವರು ತುಳುನಾಡನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯವೆಂದು ಎರಡಾಗಿ ವಿಂಗಡಿಸಿ, ರಾಜಧಾನಿಯಿಂದ ಅಧಿಕಾರಿಗಳನ್ನು ಕಳುಹಿಸಿ ಆಳಿಸುತ್ತಿದ್ದರು. ಹೀಗಾಗಿ ಪರದೇಶಿಯು ದೋಣಿಯಿಂದ ಕಾಲಿಳಿಸಿದ ಕ್ಷಣದಿಂದಲೆ ಹಂಪೆಯ ಸರಕಾರದ ಕಣ್ಣಿಗೆ ಬಿದ್ದಂತೆ.

ರಾಯಭಾರಿಯು ಅಲ್ಲಿ ಎರಡು ಮೂರು ದಿನಗಳನ್ನು ಕಳೆದನು. ಪುಸ್ತಕದಲ್ಲಿ ಇದು ಒಂದು ವಾಕ್ಯ. ಆದರೆ ಕಡಲಿನ ಪ್ರಯಾಣಿಕನು ನೆಲದ ಪ್ರಯಾಣಿಕನಾಗಿ ಮಾರ್ಪಡುವುದು ಈ ಎರಡು ಮೂರು ದಿನಗಳಲ್ಲಿಯೆ. ಹಡಗಿನಲ್ಲಿ ಪೆಟ್ಟಿಗೆಯ ತೂಕವನ್ನು ಯಾರೂ ಲೆಕ್ಕಿಸುವುದಿಲ್ಲ. ಘಟ್ಟದ ದಾರಿಯಲ್ಲಿ ಒಂದೊಂದು ಮಣವೂ ಒಬ್ಬನ ತಲೆಯ ಮೇಲೆಯೋ ಒಂದು ಎತ್ತಿನ ಬೆನ್ನ ಮೇಲೆಯೋ ಹತ್ತಬೇಕು. ಬಂಡಿ ಹೋಗುವ ದಾರಿಯಲ್ಲ. ಇಬನ್ ಬತೂತನು ಈ ಕರಾವಳಿಯಲ್ಲಿ ನಡೆದಾಗ ವರ್ತಕರ ಸರಕೆಲ್ಲವನ್ನೂ ಆಳುಗಳು ಬೆನ್ನ ಮೇಲೆಯೆ ಹೊರುತ್ತಿದ್ದರು. ದಾರಿಯುದ್ದಕ್ಕೂ ಅರ್ಧ ಅರ್ಧ ಮೈಲಿಗೆ ಮರದ ಜಗಲಿಯುಳ್ಳ ತಂಗುಮನೆ, ಒಂದು ಬಾವಿ, ನೀರು ಕೊಡುವ ಒಬ್ಬ ಮನುಷ್ಯ ಇರುತ್ತಿದ್ದುದನ್ನು ಅವನು ಮೆಚ್ಚಿ ಬರೆದಿದ್ದಾನೆ. ಮೇಲಣ ಸೀಮೆಯ ದಾರಿಗಳಲ್ಲಿ ಹೇರೆತ್ತುಗಳದೆ ರಾಜ್ಯ. 16ನೆಯ ಶತಮಾನದಲ್ಲಿ ಭಟ್ಕಳದ ದಾರಿಯಲ್ಲಿ ಸಾವಿರಗಟ್ಟಲೆ ಹೇರೆತ್ತುಗಳು ಸಾಗುವುದನ್ನು ಪಾಯೆಸ್ ವರ್ಣಿಸಿದ್ದಾನೆ.

ಇನ್ನು ಹಣದ ಮಾತು. ಹಾರ್ಮುಜಿನ ನಾಣ್ಯ ಘಟ್ಟದ ಮೇಲಣ ಹಳ್ಳಿಯಲ್ಲಿ ಏನು ಕೊಂಡೀತು? ಇಲ್ಲಿ ವ್ಯವಹಾರವೆಲ್ಲ ವರಹದಲ್ಲಿ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ ಎಂದು ಅವನೆ ಮುಂದೆ ಲೆಕ್ಕ ಬರೆದಿದ್ದಾನೆ. ಈ ಲೆಕ್ಕದಲ್ಲಿ ವರಹವೊಂದಕ್ಕೆ ಇಪ್ಪತ್ತು ಹಣವಾಯಿತು. ದಾರಿಯಲ್ಲಿ ಅಕ್ಕಿ ಕೊಳ್ಳುವವನಿಗೆ ಈ ಚಿಲ್ಲರೆಯ ಜ್ಞಾನವು ಪಾರಸಿ ಪದ್ಯಗಳಿಗಿಂತ ಹೆಚ್ಚಾಗಿ ಬೇಕು. ಇವೆಲ್ಲಕ್ಕಿಂತ ದೊಡ್ಡ ಹೊಣೆ ಕುದುರೆಗಳದು. ದೇವರಾಯನ ದರ್ಶನದ ದಿನ ಅವನು ಐದು ಕುದುರೆಗಳನ್ನೂ, ಒಂದೊಂದರಲ್ಲಿಯೂ ಒಂಬತ್ತು ಪಟ್ಟೆಯ ತುಂಡುಗಳಿದ್ದ ಎರಡು ಹರಿವಾಣಗಳನ್ನೂ ಒಪ್ಪಿಸಿದನು. ಆ ಕುದುರೆಗಳು ಹಾರ್ಮುಜಿನಿಂದ ಬಂದವೆ ಆಗಿದ್ದರೆ, ಅವು ಕಡಲಿನ ಓಲಾಟವನ್ನೂ ಅರಬ್ಬೀ ಬೇಸಗೆಯನ್ನೂ ಮಲಬಾರಿನ ಐದು ತಿಂಗಳ ತೇವವನ್ನೂ ತಾಳಿ ಇನ್ನು ಘಟ್ಟ ಹತ್ತಬೇಕಾಗಿದ್ದಿತು. ಜೊತೆಗೆ ಕಾಲದ ಒತ್ತಾಯ ಬೇರೆ. ಏಪ್ರಿಲ್ ಆಗಲೆ ಬಂದಿದೆ. ಜೂನಿನಲ್ಲಿ ಮುಂಗಾರು ಇಳಿದರೆ ಮಲೆನಾಡಿನ ಹೊಳೆಗಳು ದಾರಿಯನ್ನೆ ನುಂಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುತ್ತದೆಂಬುದನ್ನು ನೆನೆದರೆ ಸಾಕು. ಹಾರ್ಮುಜಿನಲ್ಲಿ ಹದ ತಪ್ಪಿದ ಫಲವನ್ನು ಉಂಡವನು ಮಂಗಳೂರಿನಲ್ಲಿ ಮೂರನೆಯ ದಿನಕ್ಕೆ ಹೊರಟುದು ಸಹಜವೆ.

ನೆಲದ ದಾರಿಗೆ ಬಿದ್ದೊಡನೆ ಅವನ ಬರವಣಿಗೆಯ ಧ್ವನಿಯೆ ಬದಲಾಗುತ್ತದೆ. ಕಡಲಿನ ಮೇಲೆ ಎಲ್ಲವೂ ತನ್ನ ಸಂಕಟದ ಕಥೆ. ಇಲ್ಲಿ ಕಣ್ಣು ತೆರೆದು ಸುತ್ತ ನೋಡತೊಡಗುತ್ತಾನೆ. ಮಂಗಳೂರಿನಿಂದ ಮೂರು ಹರದಾರಿಯಷ್ಟು ಹೋಗುವಷ್ಟರಲ್ಲಿಯೆ ಒಂದು ದೇವಾಲಯ ಎದುರಾಯಿತು. ಉದ್ದ ಅಗಲಗಳು ಹತ್ತು ಹತ್ತು ಗಜ, ಎತ್ತರ ಐದು ಗಜ, ಎಲ್ಲವೂ ಎರಕದ ಹಿತ್ತಾಳೆ. ನಾಲ್ಕು ಜಗಲಿಗಳಲ್ಲಿ ಮುಂದಿನದರ ಮೇಲೆ ಆಳೆತ್ತರದ ಬಂಗಾರದ ಮೂರ್ತಿ. ಕಣ್ಣುಗಳಿಗೆ ಕೂರಿಸಿದ ಎರಡು ಕೆಂಪುಗಳು ನೋಡುವವನನ್ನೆ ನೋಡುತ್ತಿರುವಂತಿದ್ದುವು. ವಿಗ್ರಹಪೂಜೆಯನ್ನು ಒಪ್ಪದ ಮನೆತನದಲ್ಲಿ ಹುಟ್ಟಿ ಕಾಜಿಯ ಮಗನಾಗಿ ಬೆಳೆದವನು ಆ ಮೂರ್ತಿಯ ಮುಂದೆ ನಿಂತು, ಅದರ ಕೆಲಸಗಾರಿಕೆಗೆ ಲೋಕದಲ್ಲಿ ಸಾಟಿಯಿಲ್ಲವೆಂದು ಮನಸಾರೆ ಹೊಗಳಿದ್ದಾನೆ. ಆ ದೇವಾಲಯ ಯಾವುದೆಂದು ಬೆರಳಿಟ್ಟು ತೋರಿಸುವ ಸಾಹಸವನ್ನು ನಾವು ಮಾಡುವುದಿಲ್ಲ. ತುಳುನಾಡಿನಲ್ಲಿ ಲೋಹದ ಎರಕದ ಕೆಲಸ ಎಷ್ಟು ಮುಂದುವರಿದಿತ್ತೆಂಬುದನ್ನು ಬಲ್ಲವರಿಗೆ ವರ್ಣನೆಯ ತಿರುಳಿನಲ್ಲಿ ಅವಿಶ್ವಾಸ ಹುಟ್ಟದು.

ಮುಂದೆ ದಿನಕ್ಕೊಂದು ಊರು, ದಿನಕ್ಕೊಂದು ತುಂಬಿದ ಹಳ್ಳಿ. ಅನಂತರ ಘಟ್ಟ. ಹೆರಾತಿನ ಸುತ್ತಲೂ ಬೆಟ್ಟಗಳಿಲ್ಲದಿಲ್ಲ. ಆದರೆ ಅವು ಬೋಳು ಬೆಟ್ಟಗಳು. ಇಲ್ಲಿಯಾದರೋ ತುದಿ ಮುಗಿಲನ್ನು ಮುಟ್ಟುತ್ತದೆ. ಬುಡದಿಂದ ಮೇಲೆ ಮರಗಳೂ ಮುಳ್ಳುಪೊದೆಗಳೂ ಎಷ್ಟು ಒತ್ತಾಗಿ ಹೆಣೆದುಕೊಂಡಿವೆಯೆಂದರೆ ಸೂರ್ಯನ ಕಿರಣ ನೆಲವನ್ನು ಕಂಡಿಲ್ಲ. ಬೆಟ್ಟವೆಂದರೆ ಬಿಸಿಲು ಎಂದು ತಿಳಿದಿದ್ದವನಿಗೆ ಬೆಟ್ಟದೊಳಗೆ ಕತ್ತಲೆ ಸಿಕ್ಕಿದ ಅಚ್ಚರಿ ಆ ಮಾತುಗಳಲ್ಲಿದೆ. ಕಡಲಿಗೆ ಇಪ್ಪತ್ತು ಸಲ ಶಾಪ ಹಾಕಿದವನು ಘಟ್ಟದ ಮೇಲೆ ಒಂದು ಸಲವೂ ಗೊಣಗುವುದಿಲ್ಲ. ಹತ್ತುವ ಶ್ರಮವನ್ನೂ ಜಿಗಣೆಗಳನ್ನೂ ಹೇಳದೆಯೆ ಬಿಟ್ಟಿದ್ದಾನೆ. ಪಲ್ಲಕ್ಕಿಯಲ್ಲಿ ಕುಳಿತವನಿಗೆ ಜಿಗಣೆ ಕಾಣಿಸುವುದಿಲ್ಲವೆಂದು ಯಾರಾದರೂ ಹೇಳಿದರೆ ನಾವು ವಾದಿಸಲಾರೆವು.

ಘಟ್ಟದ ಮೇಲೆ ಅವನಿಗೆ ಸಿಕ್ಕಿದ ದೊಡ್ಡ ಊರಿನ ಹೆಸರಿನ ಬಗ್ಗೆ ವಿದ್ವಾಂಸರಲ್ಲಿ ಜಗಳ ಉಂಟು. ಪಾರಸಿ ಲಿಪಿಯಲ್ಲಿ ಒಂದೆರಡು ಚುಕ್ಕಿಗಳು ಅತ್ತಿತ್ತಾದರೆ ಊರೆ ಬದಲಾಗುತ್ತದೆ. ಕೆಲವರು ಅದನ್ನು ಬೇಲೂರೆಂದು ಓದಿದರು. ಕೆಲವರು ಬಿದನೂರು, ಎಂದರೆ ಇಂದಿನ ನಗರ, ಎಂದರು. ಅರಮನೆಗಳಂಥ ಮನೆಗಳು, ಹರದಾರಿಗಳ ದೂರದಿಂದಲೆ ಕಾಣುವ ದೇವಾಲಯ, ಊರ ನಡುವೆ ಹೂದೋಟ, ತಳದಿಂದ ತುದಿಯವರೆಗೆ ಚಿತ್ರಕೆಲಸದ ಕಲ್ಲು, ದಿನವೂ ವಾದ್ಯ ನರ್ತನಗಳೊಡನೆ ಪೂಜೆ, ದೇವರ ಸೊತ್ತಿನಿಂದಲೆ ಊರವರ ಜೀವನ: ಇದು ಅವನ ವರ್ಣನೆ. ಕನ್ನಡಿಗನಾದವನಿಗೆ ಇದನ್ನು ಓದಿದೊಡನೆ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ಕಣ್ಣ ಮುಂದೆ ನಿಲ್ಲುತ್ತದೆ. ಬಿದನೂರು ಕೆಳದಿಯ ನಾಯಕರ ರಾಜಧಾನಿಯಾಗಿ ಹೆಸರುವಾಸಿಯಾದುದು ಇನ್ನೂರು ವರ್ಷಗಳ ಮೇಲೆ, 17ನೆಯ ಶತಮಾನದಲ್ಲಿ. 1443ರಲ್ಲಿ ಅಲ್ಲಿ ಅಂಥ ಮಹಾದೇವಾಲಯವಿತ್ತೆನ್ನಲು ಆಧಾರ ಬೇಕು. ಇತ್ತ ದಾರಿಯ ದೃಷ್ಟಿಯಿಂದ ನೋಡಿದರೆ ಮಂಗಳೂರಿನಿಂದ ಹಂಪೆಗೆ ಹೋಗುವವನಿಗೆ ಬಿದನೂರು ನೇರ, ಬೇಲೂರು ಬಳಸು. ದಾರಿ ಬಿದನೂರಿನ ಪಕ್ಷ, ಗುಡಿ ಬೇಲೂರಿನ ಪಕ್ಷ. ನಮ್ಮ ಒಲವು ಗುಡಿಯ ಕಡೆಗೆ. ಅರಸನ ಅತಿಥಿಯನ್ನು ಕರೆದೊಯ್ಯುವವರು ರಾಜ್ಯದ ಪ್ರಸಿದ್ಧವಾದ ಕ್ಷೇತ್ರವನ್ನು ತೋರಿಸಲು ನಾಲ್ಕು ದಿನ ಬಳಸಿ ನಡೆದಿದ್ದರೆ ಆಶ್ಚರ್ಯವಿಲ್ಲ. ಇದು ಒಲವು ಮಾತ್ರ, ತೀರ್ಪಲ್ಲ. ಬಿದನೂರನ್ನು ಹಿಡಿದವರಲ್ಲಿ ನಮಗಿಂತ ಪಾರಸಿ ಬಲ್ಲವರಿದ್ದಾರೆ.

ಅಲ್ಲಿ ಎರಡು ಮೂರು ದಿನ ತಂಗಿ ಮುಂದೆ ಹೊರಟು, ಆ ಅರಬ್ಬೀ ವರ್ಷದ ಕಡೆಯ ದಿನಗಳಲ್ಲಿ, ಎಂದರೆ 1443ರ ಏಪ್ರಿಲ್ ಕೊನೆಯಲ್ಲಿ, ಅವನು ವಿಜಯನಗರವನ್ನು ಸೇರಿದನು. ಕಲ್ಲಿಕೋಟೆಯನ್ನು ಬಿಟ್ಟು ಒಂದು ತಿಂಗಳೂ ತುಂಬಿರಲಿಲ್ಲ. ಮಂಗಳೂರಿನಿಂದ ಹಂಪೆಗೆ ಹಕ್ಕಿ ಹಾರಿದಂತೆ ಅಳೆದರೆ 200 ಮೈಲಿ. ಕಾಲುದಾರಿಯಲ್ಲಿ ಅದು ಇನ್ನೆಷ್ಟೋ ಹೆಚ್ಚು. ಭಾರ ಹೊತ್ತ ಪರಿವಾರವೊಂದು ಅಷ್ಟು ದಿನಗಳಲ್ಲಿ ಬಂದು ತಲುಪಿತೆಂದರೆ ದಾರಿ ಸುಗಮವಾಗಿತ್ತು, ಕಳ್ಳರ ಭಯ ವಿಶೇಷವಾಗಿರಲಿಲ್ಲ, ಅನ್ನ ನೀರುಗಳಿಗೆ ಕೊರತೆಯಾಗಲಿಲ್ಲವೆಂದೆ ಅರ್ಥ. ಬಜಾರಿನ ರತ್ನಗಳಿಗಿಂತ ಇದು ರಾಜ್ಯದ ಯೋಗ್ಯತೆಗೆ ದೊಡ್ಡ ಸಾಕ್ಷಿಯೆಂದು ನಮಗೆ ತೋರುತ್ತದೆ. ಸಹ್ಯಾದ್ರಿಯು ಕರಾವಳಿಯನ್ನೂ ಒಳನಾಡನ್ನೂ ಬೇರ್ಪಡಿಸಿದ ಗೋಡೆಯೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಆ ಗೋಡೆಯಲ್ಲಿ ಎಷ್ಟು ಬಾಗಿಲುಗಳಿದ್ದುವು, ಅವನ್ನು ಯಾರು ತೆರೆದಿಟ್ಟಿದ್ದರು ಎಂಬುದು ಇತಿಹಾಸದ ಪ್ರಶ್ನೆ.

ಅರಸನು ಎದುರುಗೊಳ್ಳಲು ಜನರನ್ನು ಕಳುಹಿಸಿದನು. ಇರಲು ಒಳ್ಳೆಯ ಮನೆಯನ್ನು ಕೊಟ್ಟನು. ದರ್ಶನದ ದಿನ ಪಂಡಿತನು ಹೆರಾತಿನ ಮರ್ಯಾದೆಗೆ ತಕ್ಕಂತೆ ಬಟ್ಟೆಯ ಮೇಲೆ ಬಟ್ಟೆ ತೊಟ್ಟು ಹೋಗಿ, ಸೆಕೆಯಿಂದ ಬೆವರಿ ತೊಯ್ದು ಹೋದನು. ದೇವರಾಯನು ಅದನ್ನು ಕಂಡು ಮರುಗಿ, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೆ ಅವನಿಗೆ ಕೊಟ್ಟನು. ವೀಳ್ಯ, ಐನೂರು ಹಣದ ಚೀಲ, ಕರ್ಪೂರ ಬಂದುವು. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ ಬೆಣ್ಣೆ ಸಕ್ಕರೆಗಳು, ಎರಡು ವರಹ ಗೊತ್ತಾದುವು. ನಿಮ್ಮ ದೇಶದಲ್ಲಿ ಅರಸರು ರಾಯಭಾರಿಗಳನ್ನು ಪಂಕ್ತಿಯಲ್ಲಿ ಕೂರಿಸಿಕೊಂಡು ಉಣ್ಣುತ್ತಾರೆ, ನಾವು ನೀವು ಒಟ್ಟಿಗೆ ಉಣ್ಣುವಂತಿಲ್ಲ, ಈ ಹಣದ ಚೀಲವೆ ನಮ್ಮ ಔತಣ ಎಂಬ ಅರ್ಥದ ಮಾತನ್ನು ದೇವರಾಯನು ಆಡಿದನಂತೆ. ಇಬ್ಬರ ಆಚಾರಕ್ಕೂ ಭಂಗ ಬಾರದಂತೆ ಆದರವನ್ನು ತೋರಿಸಿದ ಆ ಸೌಜನ್ಯವು ನಮಗೆ ಏಳು ಸುತ್ತಿನ ಕೋಟೆಗಿಂತ ಪ್ರಿಯವಾಗಿದೆ.

ಆದರೆ ಹಾರ್ಮುಜ್ ಅವನನ್ನು ಘಟ್ಟದ ಮೇಲೆಯೂ ಬಿಡಲಿಲ್ಲ. ವಿಜಯನಗರದಲ್ಲಿದ್ದ ಆ ದ್ವೀಪದ ವರ್ತಕರು ಅವನ ಮೇಲಣ ಹೊಟ್ಟೆಕಿಚ್ಚಿನಿಂದ, ಇವನು ಷಾರುಖನ ನಿಜವಾದ ರಾಯಭಾರಿಯಲ್ಲವೆಂದು ಹಬ್ಬಿಸಿದರು. ಅವನನ್ನು ಕಳುಹಿಸಿದ್ದು ಕಲ್ಲಿಕೋಟೆಗೆ, ಅವನು ಬಂದುದು ವಿಜಯನಗರಕ್ಕೆ. ಆ ಬಿರುಕಿನಲ್ಲಿ ಚಾಡಿಯ ಉಳಿ ನಾಟುವುದು ಕಷ್ಟವಲ್ಲ. ಬೀಳ್ಕೊಡುವಾಗ ದೇವರಾಯನು ಅದನ್ನು ಮುಚ್ಚಿಡದೆ, ಈ ಮಾತು ಕಿವಿಗೆ ಬೀಳದೆ ಇದ್ದಿದ್ದರೆ ಇನ್ನೂ ಹೆಚ್ಚಿನ ಮನ್ನಣೆ ಮಾಡುತ್ತಿದ್ದೆವು ಎಂದು ತಿಳಿಸಿದನು. ಇಷ್ಟೆಲ್ಲ ಪಾಡುಪಟ್ಟವನಿಗೆ ಆ ಮಾತು ಎಷ್ಟು ಚುಚ್ಚಿರಬೇಕು!

1443ರ ಡಿಸೆಂಬರಿನಲ್ಲಿ ಅವನು ಹಿಂದಿರುಗಿದನು. ಈ ಸಲ ಮಂಗಳೂರಿಗೆ ಹೋಗದೆ ಬಾರಕೂರಿಗೆ ಇಳಿದನು. ಸುಮಾರು ಹದಿನೆಂಟು ದಿನಗಳ ದಾರಿ. ರಂಜಾನಿನ ಉಪವಾಸದ ತಿಂಗಳು ಅಲ್ಲಿ ಅವನಿಗೆ ಪ್ರಾರಂಭವಾಯಿತು. ಹೆರಾತನ್ನು ಬಿಟ್ಟು ಅರಬ್ಬೀ ಲೆಕ್ಕದಲ್ಲಿ ಸರಿಯಾಗಿ ಎರಡು ವರ್ಷ. ಅಲ್ಲಿಂದ ಹೊನ್ನಾವರಕ್ಕೆ ಹೋಗಿ, ಇಪ್ಪತ್ತು ಜನರಿಗೆ ನಲವತ್ತು ದಿನದ ಸಾಮಗ್ರಿಯನ್ನು ಕೂಡಿಸಿಕೊಂಡು ಹಡಗನ್ನು ಏರಿದನು. ಸಾಮಗ್ರಿಯ ಲೆಕ್ಕ ತಪ್ಪಿತು. ಬಿರುಗಾಳಿ ಹೊಡೆಯಿತು, ಹಾಯಿ ಹರಿಯಿತು. ಬರುವಾಗ ಹದಿನೆಂಟು ದಿನವಾಗಿದ್ದ ಕಡಲು ಹೋಗುವಾಗ ಅರುವತ್ತೈದು ದಿನವಾಗಿ, 1444ರಲ್ಲಿ ಅವನು ಮತ್ತೆ ಹಾರ್ಮುಜಿನ ರೇವಿನಲ್ಲಿ ಇಳಿದನು. ಅಲ್ಲಿಂದ ಹೆರಾತಿಗೆ ನೆಲದ ದಾರಿ.